ಊಟ ಬೇಡವೆಂದ ದಾನಿಯೇಲ ಪುಸ್ತಕ ಬೇಡವೆನ್ನಲಿಲ್ಲ

‘ಪಾಸ್ಟರ್, ಈ ಸಿನಿಮಾ ನೋಡಬಹುದಾ?’

ಯೌವನಸ್ಥರ ಕೂಟ ನಡೆಸುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಸಿನಿಮಾದ ಜಾಗದಲ್ಲಿ ಒಮ್ಮೆ ಕಾದಂಬರಿ ಬರುತ್ತದೆ, ಒಮ್ಮೆ ಹಾಡು. ಕೊನೆಯ ‘ಬಹುದಾ’ ಮಾತ್ರ ಹಾಗೇ ಇರುತ್ತದೆ. ಸೇವೆಯ ಮೊದಲ ವರ್ಷಗಳಲ್ಲಿ ನಾನು ಪಟ್ಟಿಯನ್ನೇ ಮಾಡಿಕೊಡುತ್ತಿದ್ದೆ. ಕೆಟ್ಟ ಮಾತು ಎಷ್ಟು, ಕುಡಿತದ ದೃಶ್ಯ ಎಷ್ಟು ಎಂದು ಎಣಿಸಿ, ಒಂದು ಕಡೆ ‘ಸರಿ’, ಇನ್ನೊಂದು ಕಡೆ ‘ಬೇಡ’. ತಂದೆತಾಯಂದಿರಿಗೂ ಅದರಿಂದ ನೆಮ್ಮದಿ.

ಆ ಪಟ್ಟಿಯ ಮೇಲಿನ ನಂಬಿಕೆ ಹೋದದ್ದು ‘ಸರಿ’ ಎಂದು ಬರೆದಿದ್ದ ಒಂದು ಚಿತ್ರದಿಂದಲೇ. ಕೂಟದವರೆಲ್ಲ ಒಟ್ಟಿಗೆ ಕೂತು ನೋಡಿದೆವು. ಒಂದು ಹೊಲಸು ಮಾತಿಲ್ಲ, ಮೈ ತೋರಿಸುವ ದೃಶ್ಯವಿಲ್ಲ. ಆದರೆ ನಾಯಕ ಮೊದಲಿನಿಂದ ಕೊನೆಯವರೆಗೆ ಒಬ್ಬರನ್ನೂ ಕ್ಷಮಿಸುವುದಿಲ್ಲ. ಕೊನೆಗೆ ಸೇಡು ತೀರಿತು, ಹಿನ್ನೆಲೆ ಸಂಗೀತ ಉಕ್ಕಿತು, ಹುಡುಗರು ಶಿಳ್ಳೆ ಹಾಕಿದರು. ನಾನೂ ಚಪ್ಪಾಳೆ ತಟ್ಟಿದೆ. ಹಿಂದಿನ ಭಾನುವಾರ ನಾನೇ ‘ನಿಮ್ಮ ವೈರಿಗಳನ್ನು ಪ್ರೀತಿಸಿರಿ’ ಎಂಬ ವಾಕ್ಯದ ಮೇಲೆ ಪ್ರಸಂಗ ಮಾಡಿದ್ದು ನೆನಪಾದದ್ದು ಮನೆಗೆ ಹೋದ ಮೇಲೆ.

ದೃಶ್ಯ ಎಣಿಸುವುದೇ ಅಳತೆಯಾದರೆ ಸತ್ಯವೇದವೇ, ಅಂದರೆ ಬೈಬಲೇ, ಪಟ್ಟಿಯಿಂದ ಆಚೆ ಹೋಗಬೇಕಾಗುತ್ತದೆ. ನ್ಯಾಯಸ್ಥಾಪಕರ 19ನೆಯ ಅಧ್ಯಾಯವನ್ನು ಮಕ್ಕಳ ಮುಂದೆ ಗಟ್ಟಿಯಾಗಿ ಓದಲು ಯಾರಿಗೆ ಧೈರ್ಯವಿದೆ? ಅಲ್ಲಿ ಕ್ರೌರ್ಯವಿದೆ, ಆದರೆ ಕಥೆ ಅದನ್ನು ಮೆಚ್ಚಿಕೊಳ್ಳುವುದಿಲ್ಲ. ತೋರಿಸುವುದು ಬೇರೆ, ಹರಸುವುದು ಬೇರೆ. ಮನಸ್ಸು ಎಂಥವುಗಳ ಮೇಲೆ ಇರಬೇಕು ಎಂದು ಪಟ್ಟಿ ಕೊಡುವ, ಎಲ್ಲರೂ ಉದಾಹರಿಸುವ ಫಿಲಿಪ್ಪಿ 4:8ರಲ್ಲಿ ‘ಶುದ್ಧ’ಕ್ಕಿಂತ ಮೊದಲು ಬರುವ ಮಾತು ‘ಸತ್ಯ’. ಶುದ್ಧವಾಗಿ ಕಾಣುವ ಸುಳ್ಳನ್ನು ನಾವು ಎಷ್ಟು ಸಲೀಸಾಗಿ ಮನೆಯೊಳಗೆ ಬಿಟ್ಟುಕೊಳ್ಳುತ್ತೇವೆ!

ಹಾಗಾದರೆ ಗೆರೆ ಎಲ್ಲಿ? ಈ ಪ್ರಶ್ನೆಗೆ ನಾನು ಮತ್ತೆ ಮತ್ತೆ ತೆರೆಯುವುದು ದಾನಿಯೇಲನ ಮೊದಲ ಅಧ್ಯಾಯವನ್ನು. ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಯಾಗಿ ಹೋದ ಯೆಹೂದಿ ಯುವಕರಿಗೆ ಅಲ್ಲಿನ ಕಸ್ದೀಯರ ಭಾಷೆಯನ್ನೂ ಸಾಹಿತ್ಯವನ್ನೂ ಕಲಿಸಿದರು, ಹೊಸ ಹೆಸರಿಟ್ಟರು, ಅರಸನ ಊಟ ಬಡಿಸಿದರು. ಅವರಲ್ಲೊಬ್ಬನಾದ ದಾನಿಯೇಲ, ತಾನು ಅಶುದ್ಧನಾಗಬಾರದೆಂದು, ಬೇಡ ಎಂದದ್ದು ಊಟವನ್ನು ಮಾತ್ರ. ಪುಸ್ತಕಗಳನ್ನು ಕಲಿತ, ಬರೀ ಕಲಿತದ್ದಲ್ಲ, ಆ ಪಾಂಡಿತ್ಯವನ್ನು ಕೊಟ್ಟವನು ದೇವರೇ ಎನ್ನುತ್ತದೆ 17ನೆಯ ವಚನ. ನಮ್ಮಲ್ಲಿ ಬಹಳ ಮಂದಿ ಇದನ್ನು ತಿರುವುಮುರುವು ಮಾಡುತ್ತೇವೆ. ಅರಸನ ಮೇಜಿನಲ್ಲಿ ಹೊಟ್ಟೆತುಂಬ ಉಂಡು, ಬಾಬೆಲಿನ ಪುಸ್ತಕ ಕಂಡರೆ ಮೂಗು ಮುರಿಯುತ್ತೇವೆ.

ಅಪೊಸ್ತಲ ಪೌಲನದೂ ಅದೇ ದಾರಿ. ಅಥೇನೆಯಲ್ಲಿ ವಿಗ್ರಹಗಳನ್ನು ಕಂಡು ಅವನ ಮನಸ್ಸು ಕುದಿಯಿತು ಎಂದು ಅಪೊಸ್ತಲರ ಕೃತ್ಯಗಳು 17 ಹೇಳುತ್ತದೆ. ಆದರೂ ಅವನು ಕಣ್ಣು ಮುಚ್ಚಿಕೊಂಡು ಓಡಾಡಲಿಲ್ಲ. ಬಲಿಪೀಠದ ಮೇಲಿನ ಬರಹವನ್ನು ಓದಿದ. ಆ ಊರಿನ ಸಭಾಸ್ಥಳವಾದ ಅರಿಯೊಪಾಗದಲ್ಲಿ ನಿಂತು ‘ನಾವು ಆತನ ಸಂತಾನದವರೇ’ ಎಂಬ ಸಾಲನ್ನು ಅವರದೇ ಕವಿಯಿಂದ ಎತ್ತಿ ಹೇಳಿದ. ಆ ಕವಿ ಅರಾಟಸ್. ಕ್ರಿಸ್ತನಿಗೆ ಸುಮಾರು 3 ಶತಮಾನ ಹಿಂದಿನವನು, ಪೌಲನ ಕಿಲಿಕ್ಯ ಸೀಮೆಯವನೇ. ಆ ಸಾಲು ಬರೆದದ್ದು ಜ್ಯೂಸ್ ದೇವತೆಯ ಕುರಿತು. ಇಷ್ಟು ತಿಳಿದು ಬಳಸಬೇಕಾದರೆ ಅವನು ಆ ಕಾವ್ಯವನ್ನು ಎಲ್ಲೋ ಗಮನವಿಟ್ಟು ಓದಿರಬೇಕು, ಇಲ್ಲವೇ ಕೇಳಿರಬೇಕು.

ಆದರೆ ಕಥೆ ಬರೀ ಹೂವಲ್ಲ. ಅರಸ ದಾವೀದ ಇನ್ನೊಬ್ಬನ ಹೆಂಡತಿಯನ್ನು ತೆಗೆದುಕೊಂಡು ಅವನನ್ನು ಕೊಲ್ಲಿಸಿದ್ದ. ಪ್ರವಾದಿ ನಾತಾನ ಅವನ ಎದುರು ನೇರ ಆರೋಪ ಹೊರಿಸಿದ್ದರೆ ಅರಸ ಸಮರ್ಥನೆಗೆ ಇಳಿಯುತ್ತಿದ್ದನೇನೋ. ಅದರ ಬದಲು ಬಡವನ ಒಂದೇ ಕುರಿಮರಿಯನ್ನು ಕಸಿದ ಸಿರಿವಂತನ ಕಥೆ ಹೇಳಿದ. ದಾವೀದ ಕಾವಲಿಲ್ಲದೆ ಕೇಳಿದ, ಸಿಟ್ಟಾದ, ತೀರ್ಪು ಕೊಟ್ಟ. ಆಮೇಲೆ ‘ಆ ಮನುಷ್ಯನು ನೀನೇ’. ಕಥೆಯ ಶಕ್ತಿ ಇದೇ, ಅಪಾಯವೂ ಇದೇ. ಪ್ರವಾದಿಗೆ ತೆರೆದ ಆ ಹಿತ್ತಲ ಬಾಗಿಲಿನಿಂದ ಯಾರು ಬೇಕಾದರೂ ಒಳಗೆ ಬರಬಹುದು.

ಸಂಗೀತ ಇನ್ನೂ ಒಳಕ್ಕೆ ಹೋಗುತ್ತದೆ, ಅದೂ ಮಾತಿನ ಹಂಗಿಲ್ಲದೆ. ದಾವೀದನ ಕಿನ್ನರಿ ಅವನಿಗಿಂತ ಮೊದಲಿನ ಅರಸ ಸೌಲನನ್ನು ಶಾಂತಗೊಳಿಸುತ್ತಿತ್ತು ಎಂದು ಎಲ್ಲರೂ ಹೇಳುತ್ತಾರೆ. ಅದೇ ಕಿನ್ನರಿ ನುಡಿಯುತ್ತಿರುವಾಗಲೇ ಸೌಲ ಅವನತ್ತ ಈಟಿ ಎಸೆದದ್ದನ್ನು ಬಿಟ್ಟುಬಿಡುತ್ತಾರೆ. ಒಳ್ಳೆಯ ಸಂಗೀತ ಕೇಳಿದ ಮಾತ್ರಕ್ಕೆ ಯಾರೂ ಒಳ್ಳೆಯವರಾಗುವುದಿಲ್ಲ, ಅದು ಭಕ್ತಿಗೀತೆಯೇ ಆಗಿರಲಿ. ಪ್ರಾಚೀನ ಸಭೆಯ ಬಿಷಪ್ ಅಗಸ್ಟೀನ್ ಕ್ರಿ.ಶ. ಸುಮಾರು 400ರ ಹೊತ್ತಿಗೆ ಬರೆದ ‘ಕನ್ಫೆಷನ್ಸ್’ನ 10ನೆಯ ಭಾಗದಲ್ಲಿ ಈ ತೊಳಲಾಟವನ್ನು ಬಿಚ್ಚಿಡುತ್ತಾನೆ. ನಂಬಿಕೆಯ ಮೊದಲ ದಿನಗಳಲ್ಲಿ ಸಭೆಯ ಹಾಡು ಕೇಳಿ ಅತ್ತವನು ಅವನು. ಆದರೂ ಹಾಡಿನ ಅರ್ಥಕ್ಕಿಂತ ಹಾಡುವ ದನಿಯೇ ತನ್ನನ್ನು ಹೆಚ್ಚು ಕಲಕಿದರೆ ಅದು ಪಾಪವೆಂದು ಒಪ್ಪಿಕೊಳ್ಳುತ್ತಾನೆ. ಸಭೆಯಲ್ಲಿ ಹಾಡುವುದೇ ಬೇಡ ಎಂಬಲ್ಲಿಗೂ ಮನಸ್ಸು ಓಡಿ, ಕೊನೆಗೆ ಹಾಡಿನ ಪರವಾಗಿಯೇ ವಾಲುತ್ತಾನೆ. ಆರಾಧನೆಯ ವಾದ್ಯಮೇಳ ನಡೆಸುವವರು ಆ ಪುಟಗಳನ್ನು ವರ್ಷಕ್ಕೊಮ್ಮೆ ಓದಲಿ ಎಂದು ನನಗೆ ಆಸೆ.

ಈಗ ನಮ್ಮ ಕೂಟದಲ್ಲಿ ಸಿನಿಮಾ ಮುಗಿದ ಕೂಡಲೇ ತೀರ್ಪು ಹೇಳುವಂತಿಲ್ಲ. ಮೊದಲು ಮನಸ್ಸಿನಲ್ಲಿ ಉಳಿದ ಒಂದು ದೃಶ್ಯ ಹೇಳಬೇಕು, ಅಷ್ಟೇ. ಕೃತಿಯನ್ನು ಪೂರ್ತಿ ಕೇಳಿಸಿಕೊಳ್ಳದೆ ಖಂಡಿಸುವುದು ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳಿದಂತೆಯೇ. ಆಮೇಲೆ ಪ್ರಶ್ನೆಗಳು. ಕ್ಯಾಮೆರಾ ಯಾರ ನೋವಿನ ಮೇಲೆ ನಿಂತಿತು, ಯಾರದನ್ನು ದಾಟಿ ಹೋಯಿತು? ಈ ಲೋಕದಲ್ಲಿ ಪಾಪ ಎಂದರೆ ಏನು, ಬಿಡುಗಡೆ ಯಾರಿಂದ? ಎಲ್ಲಿ ಚಪ್ಪಾಳೆ ತಟ್ಟಬೇಕು ಎಂದು ಸಂಗೀತ ನಮಗೆ ಹೇಳಿಕೊಟ್ಟಿತು? ಹಾಡಾದರೆ ರಾಗ ಬಿಟ್ಟು ಸಾಲುಗಳನ್ನು ಒಮ್ಮೆ ಓದುತ್ತೇವೆ. ಎಷ್ಟೋ ಸಲ ಎಲ್ಲರಿಗೂ ನಗು ಬರುತ್ತದೆ. ಇದೇ ಪ್ರಶ್ನೆಗಳು ‘ಕ್ರೈಸ್ತ’ ಎಂಬ ಚೀಟಿ ಅಂಟಿಸಿಕೊಂಡ ಚಿತ್ರಗಳಿಗೂ ಅನ್ವಯ. ಇಸ್ರಾಯೇಲರ ಆರಾಧನೆಯ ಗುಡಾರದ ಕೆಲಸಕ್ಕೆ ದೇವರು ಕುಶಲಕರ್ಮಿ ಬೆಚಲೇಲನಿಗೆ ಆತ್ಮವನ್ನೂ ಕೊಟ್ಟ, ಕೈಚಳಕವನ್ನೂ ಕೊಟ್ಟ. ಸಂದೇಶ ಒಳ್ಳೆಯದಿದೆ ಎಂದು ಕಳಪೆ ಕೆಲಸಕ್ಕೆ ರಿಯಾಯಿತಿ ಇಲ್ಲ.

ಅಶ್ಲೀಲ ಚಿತ್ರಗಳ ವಿಷಯಕ್ಕೆ ಈ ಚರ್ಚೆ ಯಾವುದೂ ಬೇಕಿಲ್ಲ. ಅಲ್ಲಿ ಮನುಷ್ಯ ಸರಕಾಗಿರುತ್ತಾನೆ, ಅಷ್ಟೇ.

ಉಳಿದದ್ದರಲ್ಲಿ ಗೆರೆ ಎಲ್ಲರಿಗೂ ಒಂದೇ ಜಾಗದಲ್ಲಿ ಬೀಳುವುದಿಲ್ಲ. ವಿಗ್ರಹಕ್ಕೆ ಅರ್ಪಿಸಿದ ಮಾಂಸ ತಿನ್ನಬಹುದೇ ಎಂದು ಕೊರಿಂಥ ಪಟ್ಟಣದ ಸಭೆಯವರು ಕೇಳಿದಾಗ ಪೌಲ ವಿಗ್ರಹ ಏನೂ ಅಲ್ಲ ಎಂದು ಒಪ್ಪುತ್ತಲೇ, ಪಕ್ಕದಲ್ಲಿ ಕೂತವನ ಮನಸ್ಸಾಕ್ಷಿಯತ್ತ ಬೊಟ್ಟು ಮಾಡಿದ. ಅದು ನನಗೆ ಅರ್ಥವಾದದ್ದು ಕುಡಿತ ಬಿಟ್ಟು ಸಭೆಗೆ ಬಂದ ಒಬ್ಬರಿಂದ. ಒಂದು ಸಂಜೆ ಹುಡುಗರು ಹಳೆಯ ಹಾಡೊಂದನ್ನು ಹಾಕಿದ್ದರು. ಸಾಲುಗಳಲ್ಲಿ ಹುಡುಕಿದರೂ ತಪ್ಪಿರಲಿಲ್ಲ. ಅವರು ಎದ್ದು ಹೊರಗೆ ಹೋದರು. ‘ಹಾಡು ಚೆನ್ನಾಗಿದೆ ಪಾಸ್ಟರ್. ಅದನ್ನು ಕೇಳುತ್ತಲೇ ಹತ್ತು ವರ್ಷ ಕುಡಿದಿದ್ದೇನೆ, ಕೈ ನಡುಗುತ್ತದೆ’ ಎಂದರು.

ನಾನು ಹುಡುಗರಿಗೆ ಅದನ್ನು ಹೇಳಲಿಲ್ಲ. ಬಾಗಿಲ ಬಳಿ ನಿಂತಿದ್ದವನೊಬ್ಬ ಕೇಳಿಸಿಕೊಂಡಿರಬೇಕು. ಮುಂದಿನ ವಾರ ಅವರು ಒಳಗೆ ಬರುವ ಹೊತ್ತಿಗೆ ಆ ಹಾಡು ಹುಡುಗರ ಫೋನಿನ ಪಟ್ಟಿಯಲ್ಲಿ ಇರಲಿಲ್ಲ.