ಪ್ಯಾಕೇಜಿಗೂ ಔಟ್‌ಟರ್ನ್ ಇದೆ

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಸಸ್ಯಶಾಸ್ತ್ರ, ರಸಾಯನಶಾಸ್ತ್ರ. ಮುಂದೇನು ಎಂದು ತೀರ್ಮಾನಿಸಿಲ್ಲ. ಯಾವ ಕ್ಷೇತ್ರಕ್ಕೆ ಹೋದರೆ ಒಳ್ಳೆಯ ಪ್ಯಾಕೇಜ್ ಸಿಗುತ್ತದೆ ಸಾರ್?

ಉತ್ತರ: ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಊರಿನ ಹೆಸರು ಮಾತ್ರ ಒಮ್ಮೆ ಕಡೂರು, ಒಮ್ಮೆ ಮೂಡಿಗೆರೆ. ಕ್ಷೇತ್ರದ ಮಾತು ಆಮೇಲಿರಲಿ, ಮೊದಲು ‘ಪ್ಯಾಕೇಜ್’ ಎಂಬ ಭೂತವನ್ನು ಬಿಡಿಸಬೇಕು.

ಕಾಲೇಜಿನ ಗೇಟಿಗೆ ಕಟ್ಟಿದ ಫ್ಲೆಕ್ಸಿನಲ್ಲಿ ಒಬ್ಬ ಹುಡುಗನ ಫೋಟೊ, ಅದರ ಕೆಳಗೆ ‘ವರ್ಷಕ್ಕೆ 4.8 ಲಕ್ಷ’. ನೋಡಿದವರು ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 40,000 ಎಂದು ಮನೆಯಲ್ಲಿ ಹೇಳುತ್ತಾರೆ. ಮೂವತ್ತು ವರ್ಷ ಲೆಕ್ಕಶಾಸ್ತ್ರ ಕಲಿಸಿದ ನನಗೆ ಈ ಭಾಗಾಕಾರ ಕಂಡರೆ ಮೈ ಉರಿಯುತ್ತದೆ. ಪ್ಯಾಕೇಜ್ ನಿಮ್ಮ ಸಂಬಳವಲ್ಲ, ನಿಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ತಗಲುವ ಖರ್ಚು.

ಪೆನ್ನು ಹಿಡಿಯಿರಿ. ಮೂಲ ವೇತನ 20,000 ಎಂದುಕೊಳ್ಳಿ. ಅದರ ಶೇ 12, ಅಂದರೆ 2,400, ಭವಿಷ್ಯ ನಿಧಿಗೆ ಕಂಪನಿ ಕಟ್ಟುವ ಪಾಲು. ಅದೂ ಆ ನಲವತ್ತು ಸಾವಿರದೊಳಗೇ ಸೇರಿದೆ. ಗ್ರಾಚ್ಯುಟಿಗೆಂದು (ಕೆಲಸ ಬಿಡುವಾಗ ಕೊಡುವ ಇಡುಗಂಟು) ಮೂಲ ವೇತನದ ಶೇ 4.81, ಅಂದರೆ 962. ಕಾಯಂ ನೌಕರರು ಐದು ವರ್ಷ ಅಲ್ಲೇ ದುಡಿದರೆ ಅದು ಕೈಗೆ. ಸಾಧನೆ ನೋಡಿ ಕೊಡುವ ಮೊತ್ತ 4,000, ಅದೂ ವರ್ಷದ ಕೊನೆಗೆ, ಕೊಟ್ಟರೆ. ವಿಮೆಯ ಕಂತು 500. ಉಳಿದದ್ದು 32,138. ಇದರಲ್ಲಿ ನಿಮ್ಮ ಪಾಲಿನ ಭವಿಷ್ಯ ನಿಧಿ ಮತ್ತೆ 2,400, ವೃತ್ತಿ ತೆರಿಗೆ 200. ಖಾತೆಗೆ ಬೀಳುವುದು 29,538. ಕಂಪನಿಯಿಂದ ಕಂಪನಿಗೆ ಅಂಕಿಗಳು ಬದಲಾಗುತ್ತವೆ, ಕಳೆಯುವ ಸಾಲುಗಳು ಹೆಚ್ಚುಕಡಿಮೆ ಇವೇ. ಭವಿಷ್ಯ ನಿಧಿ ನಮ್ಮದೇ ಹಣವಲ್ಲವೇ ಎನ್ನುತ್ತೀರಿ. ನಿಮ್ಮದೇ, ಆದರೆ ಬೆಂಗಳೂರಿನ ಪಿ.ಜಿ. ಮಾಲೀಕರು ಅದನ್ನು ಬಾಡಿಗೆಗೆ ಜಮಾ ಮಾಡಿಕೊಳ್ಳುವುದಿಲ್ಲ.

ಕಾಫಿ ಬೆಳೆಗಾರರ ಮಕ್ಕಳಿಗೆ ಇದನ್ನು ನಾನು ಹೇಳಿಕೊಡಬೇಕೇ? 50 ಕೆ.ಜಿ. ರೋಬಸ್ಟಾ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣಿನ ಚೀಲದಲ್ಲಿ ಸಿಪ್ಪೆ ಹೋಗಿ ಉಳಿಯುವ ಬೀಜ 26, ಹೆಚ್ಚೆಂದರೆ 28 ಕೆ.ಜಿ. ವ್ಯಾಪಾರಿಯ ಮುಂದೆ ನಿಮ್ಮ ತಂದೆಯವರು ಚೀಲ ಎಣಿಸಿ ಸುಮ್ಮನಾಗುವುದಿಲ್ಲ, ಔಟ್‌ಟರ್ನ್ ಅಂದರೆ ಹೀಗೆ ಉಳಿದ ಬೀಜ ಎಷ್ಟು ಬಂತು ಎಂದು ಕೇಳುತ್ತಾರೆ. ಮಗನ ಪ್ಯಾಕೇಜಿನ ವಿಷಯದಲ್ಲಿ ಮಾತ್ರ ಆ ಜಾಣತನ ಎಲ್ಲಿ ಹೋಗುತ್ತದೋ!

ಇನ್ನೊಂದು, ಫ್ಲೆಕ್ಸಿನಲ್ಲಿರುವುದು ಎಲ್ಲರಿಗಿಂತ ಹೆಚ್ಚು ಸಿಕ್ಕವನ ಫೋಟೊ. ಕೆಲಸ ಸಿಕ್ಕ ನೂರು ಜನರನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಐವತ್ತನೆಯವನಿಗೆ ಎಷ್ಟು ಎಂದು ಕೇಳಿ. ನಾನು ಕೇಳಿದಾಗಲೆಲ್ಲ ಕಾಫಿ ಕೊಟ್ಟು ಕಳಿಸಿದ್ದಾರೆ.

ಇನ್ನು ಕ್ಷೇತ್ರ. ಬ್ಯಾಂಕಿನ ಪ್ರೊಬೇಷನರಿ ಅಧಿಕಾರಿ ಪರೀಕ್ಷೆಗೆ, ಕೆ.ಎ.ಎಸ್.ಗೆ ಯಾವ ಪದವಿಯಾದರೂ ನಡೆಯುತ್ತದೆ. ಪದವಿಯಲ್ಲಿ ಶೇ 60 ಅಂಕ ಬಂದರೆ ಬಿ.ಎಸ್ಸಿ.ಯವರೂ ಸಿ.ಎ. ಇಂಟರ್‌ಮೀಡಿಯೆಟ್‌ಗೆ ನೇರವಾಗಿ ನೋಂದಾಯಿಸಬಹುದು. ಐ.ಐ.ಟಿ.ಗಳ ಎಂ.ಎಸ್ಸಿ.ಗೆ ಜಾಮ್ ಪರೀಕ್ಷೆ ಇದೆ. ಎಲ್ಲದಕ್ಕೂ ದುಡಿಮೆಯಿಲ್ಲದೆ ಓದುತ್ತಾ ಕೂರುವ ಕಾಲ ಬೇಕು. ಮನೆಯವರು ಎಷ್ಟು ವರ್ಷ ತಡೆದುಕೊಳ್ಳುತ್ತಾರೆ ಎಂಬುದನ್ನು ಅವರೊಡನೆ ಕೂತು ಮೊದಲೇ ಕೇಳಿಬಿಡಿ.

ನೀವು ಕೇಳಲಿಲ್ಲ, ಆದರೂ ಕಾಫಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಒಮ್ಮೆ ತರಗತಿಯಲ್ಲಿ, ಅರೇಬಿಕಾ ಮತ್ತು ರೋಬಸ್ಟಾವನ್ನು ಹಾಲು, ಸಕ್ಕರೆ ಹಾಕದೆ ಪಕ್ಕಪಕ್ಕದಲ್ಲಿಟ್ಟು ಕುಡಿದು ನೋಡಿದವರು ಯಾರು ಎಂದು ಕೇಳಿದೆ. ಅರ್ಧ ತರಗತಿಗೆ ತೋಟವಿತ್ತು, ಒಂದು ಕೈಯೂ ಮೇಲೇಳಲಿಲ್ಲ. ಬಾಳೆಹೊನ್ನೂರಿನ ಬಳಿ 1925ರಿಂದಲೂ ಕಾಫಿ ಸಂಶೋಧನಾ ಕೇಂದ್ರವಿದೆ. ಕಾಫಿಯ ಗುಣಮಟ್ಟ ಅಳೆಯುವುದನ್ನು, ಅಂದರೆ ರುಚಿ ನೋಡಿ ದರ್ಜೆ ಹೇಳುವುದನ್ನು ಕಲಿಸುವ ಸ್ನಾತಕೋತ್ತರ ಡಿಪ್ಲೊಮಾವನ್ನು ಕಾಫಿ ಮಂಡಳಿಯೇ ನಡೆಸುತ್ತದೆ. ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಓದಿದವರು ಅದಕ್ಕೆ ಅರ್ಜಿ ಹಾಕಬಹುದು. ನಿಮ್ಮ ಮನೆಯಿಂದ ಒಂದು ಬಸ್ಸಿನ ದೂರದಲ್ಲಿರುವ ಈ ದಾರಿಯ ಬಗ್ಗೆ ಇದುವರೆಗೆ ಒಬ್ಬರೂ ನನ್ನನ್ನು ಕೇಳಿಲ್ಲ.

ಅದರಲ್ಲಿ ಪ್ಯಾಕೇಜ್ ಎಷ್ಟು ಸಾರ್ ಎನ್ನುವವರು ಮತ್ತೆ ಮೇಲಿನಿಂದ ಓದಿಕೊಂಡು ಬನ್ನಿ.