ತಪ್ಪು ತಗ್ಗಿಸಿದ ಚಿಪ್

ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಗೂಗಲ್‌ನ ಕ್ವಾಂಟಂ ಪ್ರಯೋಗಾಲಯವಿದೆ. ಅಲ್ಲಿನ ಕಂಪ್ಯೂಟರಿನ ಹೊರಕವಚ ಕಳಚಿದರೆ ಕಾಣುವುದು ದೊಡ್ಡ ತೂಗುದೀಪದಂಥ ರಚನೆ: ಒಂದರ ಕೆಳಗೊಂದು ಚಿನ್ನದ ಲೇಪದ ತಾಮ್ರದ ತಟ್ಟೆಗಳು, ನಡುವೆ ಸಾಲುಸಾಲು ತಂತಿಗಳು. ತಟ್ಟೆಯಿಂದ ತಟ್ಟೆಗೆ ಇಳಿದಂತೆ ಚಳಿ ಹೆಚ್ಚುತ್ತದೆ. ತೀರಾ ಕೆಳಗೆ, ಚಿಪ್ ಕೂತಿರುವಲ್ಲಿ, ಉಷ್ಣತೆ ನಿರಪೇಕ್ಷ ಶೂನ್ಯಕ್ಕಿಂತ, ಅಂದರೆ ಚಳಿಯ ಕಟ್ಟಕಡೆಯ ಮಿತಿಗಿಂತ, ಸುಮಾರು ನೂರನೇ ಒಂದು ಡಿಗ್ರಿಯಷ್ಟೇ ಮೇಲೆ. ನಕ್ಷತ್ರಗಳಾಚೆಯ ಖಾಲಿ ಆಕಾಶ ಕೂಡ ಇದಕ್ಕಿಂತ ನೂರು ಪಟ್ಟಿಗೂ ಹೆಚ್ಚು ಬೆಚ್ಚಗಿರುತ್ತದೆ.

ಅಷ್ಟು ಚಳಿಯಲ್ಲಿ ಅಲ್ಯೂಮಿನಿಯಂ ಅತಿವಾಹಕವಾಗುತ್ತದೆ, ವಿದ್ಯುತ್ತು ಅಡೆತಡೆಯಿಲ್ಲದೆ ಹರಿಯುತ್ತದೆ. ಎರಡು ಅಲ್ಯೂಮಿನಿಯಂ ಪದರಗಳ ನಡುವೆ ತೆಳ್ಳನೆಯ ಆಕ್ಸೈಡ್ ಪೊರೆ. ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆಯ ಮೇಲೆ ಗಾಳಿ ತಾಗಿ ಕಟ್ಟುವ ಪೊರೆಯೇ ಇದು. ಎಲೆಕ್ಟ್ರಾನ್ ಜೋಡಿಗಳು ಈ ಗೋಡೆಯನ್ನು ತೂರಿ ಹೋಗುತ್ತವೆ ಎಂದು ಬ್ರಿಟಿಷ್ ಭೌತವಿಜ್ಞಾನಿ ಬ್ರಯಾನ್ ಜೋಸೆಫ್ಸನ್ 1962ರಲ್ಲೇ ಹೇಳಿದ್ದರು. ಇಂಥ ಪೊರೆಯಿರುವ ಇಡೀ ವಿದ್ಯುತ್ ಮಂಡಲವೇ ಒಂದು ಪರಮಾಣುವಿನಂತೆ ಕ್ವಾಂಟಂ ನಿಯಮ, ಅಂದರೆ ಅತಿಸೂಕ್ಷ್ಮ ಕಣಗಳ ಲೋಕದ ನಿಯಮ, ಪಾಲಿಸುತ್ತದೆ ಎಂದು 1984-85ರಲ್ಲಿ ಬರ್ಕ್ಲಿಯಲ್ಲಿ ತೋರಿಸಿದವರು ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ ಮತ್ತು ಜಾನ್ ಮಾರ್ಟಿನಿಸ್. 2025ರ ಭೌತವಿಜ್ಞಾನ ನೊಬೆಲ್ ಅದಕ್ಕೇ ಸಂದಿತು. ಮಾರ್ಟಿನಿಸ್ ಮುಂದೆ ಗೂಗಲ್‌ನಲ್ಲಿ ಈ ಚಿಪ್‌ಗಳ ತಂಡವನ್ನು ಮುನ್ನಡೆಸಿದರು.

ಇಂಥ ಒಂದೊಂದು ಮಂಡಲವೂ ಒಂದು ಕ್ಯೂಬಿಟ್, ಅಂದರೆ ಕ್ವಾಂಟಂ ಕಂಪ್ಯೂಟರು ಮಾಹಿತಿಯನ್ನು ಇಡುವ ಅತಿ ಚಿಕ್ಕ ಘಟಕ. 2019ರಲ್ಲಿ 53 ಕ್ಯೂಬಿಟ್‌ಗಳ 'ಸಿಕಮೋರ್' ಚಿಪ್ 200 ಸೆಕೆಂಡಿನಲ್ಲಿ ಮುಗಿಸಿದ ಲೆಕ್ಕಕ್ಕೆ ಸೂಪರ್‌ಕಂಪ್ಯೂಟರಿಗೆ ಹತ್ತು ಸಾವಿರ ವರ್ಷ ಬೇಕು ಎಂದು ಗೂಗಲ್ ಸಾರಿತು. ಎರಡೂವರೆ ದಿನ ಸಾಕು ಎಂದು ಐಬಿಎಂ ತಿರುಗಿ ಹೇಳಿತು. ಈ ಜಟಾಪಟಿಗಿಂತ, ಗೂಗಲ್ 'ವಿಲೋ' ಎಂಬ ಹೊಸ ಚಿಪ್ ಬಗ್ಗೆ ಕೊಟ್ಟ 2024ರ ಡಿಸೆಂಬರಿನ ಸುದ್ದಿಯೇ ನನಗೆ ದೊಡ್ಡದು.

ಕ್ಯೂಬಿಟ್ ಬಹಳ ಬೇಗ ಕೆಡುತ್ತದೆ. ಹಾಗೆಂದು ನೋಡಿ ಸರಿಪಡಿಸುವಂತಿಲ್ಲ, ನೋಡಿದರೆ ಅದರಲ್ಲಿದ್ದ ಕ್ವಾಂಟಂ ಸ್ಥಿತಿಯೇ ಅಳಿಯುತ್ತದೆ. ಅದಕ್ಕೆ ಉಪಾಯವೆಂದರೆ ಒಂದೇ ಮಾಹಿತಿಯನ್ನು ಹಲವು ಕ್ಯೂಬಿಟ್‌ಗಳಲ್ಲಿ ಹರಡಿ, ನಡುನಡುವೆ ಕಾವಲು ಕ್ಯೂಬಿಟ್‌ಗಳನ್ನು ಕೂರಿಸುವುದು. ಕಾವಲಿನವು 'ನೀನು ಏನು?' ಎಂದು ಯಾವುದನ್ನೂ ಕೇಳುವುದಿಲ್ಲ. 'ಅಕ್ಕಪಕ್ಕದವರು ತಮ್ಮೊಳಗೆ ಹೊಂದಿಕೊಂಡಿದ್ದೀರಾ?' ಎಂದಷ್ಟೇ ಕೇಳುತ್ತವೆ. ಆದರೆ ಕಾವಲಿನವೂ ತಪ್ಪುತ್ತವೆ. ಹಾಗಾಗಿ ಕ್ಯೂಬಿಟ್ ಸೇರಿಸಿದಷ್ಟೂ ಗೊಂದಲ ಹೆಚ್ಚುತ್ತಿತ್ತು, ದಶಕಗಳ ಕಾಲ ಈ ಕ್ಷೇತ್ರವನ್ನು ಕಾಡಿದ ತೊಡಕು ಇದು. 105 ಕ್ಯೂಬಿಟ್‌ಗಳ 'ವಿಲೋ' ಚಿಪ್‌ನಲ್ಲಿ ಲೆಕ್ಕ ತಿರುಗಿತು. ಮಾಹಿತಿ ಹರಡಿದ ಕ್ಯೂಬಿಟ್‌ಗಳ ಹಾಸು 3×3ರಿಂದ 5×5ಕ್ಕೆ, ಅಲ್ಲಿಂದ 7×7ಕ್ಕೆ ಬೆಳೆದಾಗ ಪ್ರತಿ ಸಲವೂ ತಪ್ಪಿನ ಪ್ರಮಾಣ ಅರ್ಧಕ್ಕೂ ಕಡಿಮೆಯಾಯಿತು. ಗುಂಪು ಕಟ್ಟಿದ ಆ ಒಂದು ಕ್ಯೂಬಿಟ್, ತನ್ನೊಳಗಿನ ಅತ್ಯುತ್ತಮ ಬಿಡಿ ಕ್ಯೂಬಿಟ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಕಾಲ ಬಾಳಿತು. ಸಿದ್ಧಾಂತ ಕೊಟ್ಟಿದ್ದ ಮಾತನ್ನು ಲೋಹ ಉಳಿಸಿಕೊಂಡಿತು.

ನಂಬಬಹುದಾದ ಒಂದೇ ಕ್ಯೂಬಿಟ್‌ಗೆ ಹೆಚ್ಚುಕಡಿಮೆ ಇಡೀ ಚಿಪ್ಪೇ ಬಳಕೆಯಾಯಿತು ಎಂಬುದೂ ನಿಜ. ಇಂದಿನ ಗೂಢಲಿಪಿ ಒಡೆಯುವಂಥ ಕೆಲಸಕ್ಕೆ ಹತ್ತು ಲಕ್ಷದ ಹತ್ತಿರ ಬಿಡಿ ಕ್ಯೂಬಿಟ್‌ಗಳು ಬೇಕಾಗಬಹುದು ಎಂಬುದು 2025ರಲ್ಲಿ ಗೂಗಲ್‌ನ ಸಂಶೋಧಕರೇ ಹಾಕಿದ ಅಂದಾಜು. ಈಗ ಒಂದೊಂದು ಕ್ಯೂಬಿಟ್‌ಗೂ ಮೇಲಿನಿಂದ ತಂತಿ ಇಳಿಯುತ್ತದೆ, ಒಂದೊಂದು ತಂತಿಯೂ ಒಂದಿಷ್ಟು ಬಿಸಿಯನ್ನು ಹೊತ್ತು ತರುತ್ತದೆ. ಆ ತೂಗುದೀಪದಲ್ಲಿ ಅಷ್ಟು ತಂತಿಗೆ ಜಾಗವಿಲ್ಲ.