ಸಂಸತ್ತಿನಲ್ಲಿ ಪಕ್ಷಗಳು ಒಂದಾಗುವುದು ಏಕೆ ಅಪರೂಪವಾಗಿದೆ?

ಪ್ರಶ್ನೆ: ಹಿಂದೆ ಮಹತ್ವದ ಮಸೂದೆಗಳನ್ನು ಆಡಳಿತ ಪಕ್ಷವೂ ವಿರೋಧ ಪಕ್ಷಗಳೂ ಕೂತು ಮಾತನಾಡಿ ಅಂಗೀಕರಿಸುತ್ತಿದ್ದವು ಎಂದು ಹಿರಿಯರು ಹೇಳುತ್ತಾರೆ. ಈಗ ಅದೇಕೆ ಕಾಣುತ್ತಿಲ್ಲ? ಸಂಸದರ ಸ್ವಭಾವವೇ ಕೆಟ್ಟಿತೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಸ್ವಭಾವಕ್ಕಿಂತ ಹೆಚ್ಚಾಗಿ, ಎದುರಾಳಿಗಳು ಕೂತು ಮಾತನಾಡುತ್ತಿದ್ದ ಜಾಗವೇ ಕಿರಿದಾಗಿದೆ ಎಂಬುದು ನನ್ನ ಅಭಿಪ್ರಾಯ.

ಮುಂಬಯಿಯವರಿಗೆ ಪರಿಚಿತವಾದ ಸಂಗತಿಯನ್ನೇ ನೋಡಿ. ಮುಲುಂಡ್, ದಹಿಸರ್ ನಾಕಾಗಳಲ್ಲಿ ಲಾರಿಗಳನ್ನು ಸಾಲುಗಟ್ಟಿ ನಿಲ್ಲಿಸುತ್ತಿದ್ದ ಆಕ್ಟ್ರಾಯ್ (ನಗರಕ್ಕೆ ಬರುವ ಸರಕಿನ ಮೇಲಿನ ಸುಂಕ) ವಸೂಲಿ 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದೊಡನೆ ನಿಂತಿತು. ನಮ್ಮ ಹೋಟೆಲಿನವರಿಗೂ ಕಿರಾಣಿ ವ್ಯಾಪಾರಿಗಳಿಗೂ ನೇರವಾಗಿ ತಟ್ಟಿದ ಬದಲಾವಣೆ ಅದು. ಅದಕ್ಕೆ ಬೇಕಾಗಿದ್ದ ಸಂವಿಧಾನ ತಿದ್ದುಪಡಿ ಮಸೂದೆಗೆ ಲೋಕಸಭೆ 2015ರ ಮೇ ತಿಂಗಳಲ್ಲೇ ಒಪ್ಪಿಗೆ ಕೊಟ್ಟರೂ, ಸರ್ಕಾರಕ್ಕೆ ಬಹುಮತವಿಲ್ಲದ ರಾಜ್ಯಸಭೆಯಲ್ಲಿ ಅದು ಒಂದು ವರ್ಷಕ್ಕೂ ಮಿಕ್ಕಿ ತಡೆದು ನಿಂತಿತು. ಆ ಮಸೂದೆಗೆಂದೇ ರಚಿಸಿದ ಸಂಸದರ ಆಯ್ಕೆ ಸಮಿತಿ (ಸೆಲೆಕ್ಟ್ ಕಮಿಟಿ) ಅದನ್ನು ಪರಿಶೀಲಿಸಿತು. ಕಾಂಗ್ರೆಸ್ ಆಕ್ಷೇಪಿಸಿದ್ದ ಶೇ. 1ರ ಹೆಚ್ಚುವರಿ ಅಂತರರಾಜ್ಯ ತೆರಿಗೆಯನ್ನು ಸರ್ಕಾರ ಕೈಬಿಟ್ಟಿತು. ಕೊನೆಗೆ 2016ರ ಆಗಸ್ಟ್ 3ರಂದು ಮಸೂದೆಯ ಪರವಾಗಿ 203 ಮತಗಳು ಬಿದ್ದವು, ವಿರುದ್ಧ ಒಂದೂ ಬೀಳಲಿಲ್ಲ. ಎಐಎಡಿಎಂಕೆ ಮಾತ್ರ ಸಭಾತ್ಯಾಗ ಮಾಡಿತ್ತು. ಎದುರಾಳಿಯ ಮತ ಸರ್ಕಾರಕ್ಕೆ ಅನಿವಾರ್ಯವಾಗಿತ್ತು, ಚೌಕಾಸಿಗೆ ಸಮಿತಿಯ ಕೋಣೆಯೂ ಇತ್ತು.

ಒಂದೊಂದು ಇಲಾಖೆಯ ಮಸೂದೆಗಳನ್ನು ಪರಿಶೀಲಿಸುವ ಸಂಸದರ ಕಾಯಂ ಸಮಿತಿಗಳು, ಅಂದರೆ ಇಲಾಖಾವಾರು ಸ್ಥಾಯಿ ಸಮಿತಿಗಳು, 1993ರಲ್ಲಿ ಆರಂಭವಾದವು. ಅಲ್ಲಿ ಎಲ್ಲ ಪಕ್ಷಗಳ ಸದಸ್ಯರಿರುತ್ತಾರೆ, ಸಭೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ, ಪಕ್ಷದ ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಅನ್ವಯವಾಗುವುದಿಲ್ಲ. ಆದ್ದರಿಂದ ಎದುರಿನವರ ಮಾತು ಸರಿ ಎಂದು ಒಪ್ಪಿಕೊಂಡವರಿಗೆ ಪಕ್ಷದ್ರೋಹದ ಹಣೆಪಟ್ಟಿ ಅಂಟುವುದಿಲ್ಲ. ಆದರೆ ಮಸೂದೆಯನ್ನು ಸಮಿತಿಗೆ ಕಳಿಸುವುದು ಕಡ್ಡಾಯವಲ್ಲ. 15ನೆಯ ಲೋಕಸಭೆಯ (2009–14) ಅವಧಿಯಲ್ಲಿ ನೂರಕ್ಕೆ ಸುಮಾರು 71 ಮಸೂದೆಗಳು ಸಮಿತಿಗಳಿಗೆ ಹೋಗಿದ್ದರೆ, 17ನೆಯದರಲ್ಲಿ (2019–24) ಆ ಪ್ರಮಾಣ ಸುಮಾರು 16ಕ್ಕೆ ಇಳಿಯಿತು. ಇದೇ ನನ್ನನ್ನು ಹೆಚ್ಚು ಕಾಡುವ ಅಂಕಿ. 2020ರ ಕೃಷಿ ಮಸೂದೆಗಳು ಸಮಿತಿಗೆ ಹೋಗಲೇ ಇಲ್ಲ. ರಾಜ್ಯಸಭೆಯಲ್ಲಿ ಮತ ಎಣಿಕೆಗೆ ವಿರೋಧ ಪಕ್ಷಗಳು ಪಟ್ಟು ಹಿಡಿದಿದ್ದರೂ ಧ್ವನಿಮತದಿಂದ ಅಂಗೀಕಾರವಾದವು. ಸಂಧಾನ ನಡೆಯಬೇಕಿದ್ದ ಜಾಗ ತಪ್ಪಿಹೋದ ಮೇಲೆ ಜಗಳ ದೆಹಲಿಯ ಗಡಿಗಳಿಗೆ ಹೋಯಿತು, ಮರುವರ್ಷ ನವೆಂಬರಿನಲ್ಲಿ ಆ ಕಾನೂನುಗಳನ್ನು ಚರ್ಚೆಯೇ ಇಲ್ಲದೆ ಹಿಂಪಡೆಯಲಾಯಿತು.

ಇನ್ನೊಂದು ಕಾರಣ 1985ರ ಪಕ್ಷಾಂತರ ನಿಷೇಧ ಕಾನೂನು. ಶಾಸಕರ ಖರೀದಿಯನ್ನು ತಡೆಯಲು ಬಂದ ಈ ಕಾನೂನಿನಿಂದಾಗಿ, ಸಾಮಾನ್ಯ ಮಸೂದೆಯೊಂದರ ಮೇಲೂ ವಿಪ್ ಮೀರಿ ಮತ ಹಾಕಿದ ಸಂಸದರು ಸದಸ್ಯತ್ವವನ್ನೇ ಕಳೆದುಕೊಳ್ಳಬಹುದು. ಹೀಗಿರುವಾಗ ಎದುರು ಸಾಲಿನವರ ಮನವೊಲಿಸಲು ಯಾರು ಶ್ರಮಪಡುತ್ತಾರೆ?

ದೋಷ ಒಂದೇ ಪಕ್ಷದ್ದಲ್ಲ. 2ಜಿ ತರಂಗಾಂತರ ಹಂಚಿಕೆ ಹಗರಣದ ತನಿಖೆಗೆ ಜಂಟಿ ಸಂಸದೀಯ ಸಮಿತಿ ಬೇಕೆಂದು ಅಂದಿನ ವಿರೋಧ ಪಕ್ಷವಾದ ಬಿಜೆಪಿ ಮತ್ತಿತರರು ಹಿಡಿದ ಹಟದಿಂದ 2010ರ ಚಳಿಗಾಲದ ಅಧಿವೇಶನ ಬಹುತೇಕ ಕೊಚ್ಚಿಹೋಯಿತು. 2023ರ ಡಿಸೆಂಬರಿನಲ್ಲಿ ಎರಡೂ ಸದನಗಳಿಂದ ವಿರೋಧ ಪಕ್ಷಗಳ 146 ಸದಸ್ಯರನ್ನು ಅಮಾನತು ಮಾಡಲಾಯಿತು. ಅಷ್ಟು ಮಂದಿ ಹೊರಗಿದ್ದಾಗಲೇ ಮೂರು ಹೊಸ ಅಪರಾಧ ಕಾನೂನುಗಳು ಅಂಗೀಕಾರವಾದವು.

ಒಗ್ಗಟ್ಟು ಪೂರ್ತಿ ಸತ್ತಿಲ್ಲ, ನಿಜ. 1994ರಲ್ಲಿ ಪ್ರಧಾನಿ ನರಸಿಂಹ ರಾಯರು ವಿರೋಧ ಪಕ್ಷದ ನಾಯಕರಾಗಿದ್ದ ವಾಜಪೇಯಿಯವರನ್ನೇ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದ ಸಭೆಗೆಂದು ಜಿನೀವಾಕ್ಕೆ ಭಾರತದ ನಿಯೋಗದ ನೇತೃತ್ವ ವಹಿಸಿ ಕಳಿಸಿದ್ದರು. 2025ರಲ್ಲಿ ಆಪರೇಷನ್ ಸಿಂಧೂರದ ನಂತರ ವಿದೇಶಗಳಿಗೆ ಹೋದ ಏಳು ಸರ್ವಪಕ್ಷ ನಿಯೋಗಗಳಲ್ಲಿ ಒಂದಕ್ಕೆ ನಿಮ್ಮ ಕಲ್ಯಾಣ ಕ್ಷೇತ್ರದ ಶ್ರೀಕಾಂತ್ ಶಿಂದೆ, ಇನ್ನೊಂದಕ್ಕೆ ವಿರೋಧ ಪಕ್ಷದವರಾದ ಬಾರಾಮತಿಯ ಸುಪ್ರಿಯಾ ಸುಳೆ ನೇತೃತ್ವ ವಹಿಸಿದ್ದರು. ಆದರೆ ಪರದೇಶದಲ್ಲಿ ಒಂದೇ ದನಿಯಲ್ಲಿ ಮಾತನಾಡುವವರು ಊರಿಗೆ ಮರಳಿ ಮಸೂದೆಯ ಮೇಲೆ ಜತೆಯಾಗಿ ದುಡಿಯಬೇಕಾದರೆ ನಿಯಮಗಳೇ ಬದಲಾಗಬೇಕು. ವಿಶ್ವಾಸಮತ, ಅವಿಶ್ವಾಸ ನಿರ್ಣಯಗಳಂಥ ಸಂದರ್ಭಗಳಲ್ಲಿ ಮಾತ್ರ ವಿಪ್ ಮೀರಿದವರನ್ನು ಅನರ್ಹಗೊಳಿಸಿದರೆ ಸಾಕೆಂದು ಚುನಾವಣಾ ಸುಧಾರಣೆಗಳ ಕುರಿತ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಶಿಫಾರಸು ಮಾಡಿತ್ತು. ಅದು ಜಾರಿಗೆ ಬಂದಿಲ್ಲ.